ರಸೀದಿ ಇಲ್ಲದ ಕೈದಿ

ಅದಾಲತಿನಲ್ಲಿ ನಗಬಾರದು. ನಮ್ಮ ಮುನ್ಸೀಫ್ ಸಾಹೇಬರ ಕೋಣೆಯ ಹೊರಗೆ ಹಾಗೆಂದು ಹಲಗೆಯೇ ತೂಗುತ್ತಿತ್ತು. ಆದರೂ ನಗು ಬರಿಸುವ ಸಂಗತಿಗಳು ಅಲ್ಲಿ ನಡೆಯುತ್ತಲೇ ಇರುತ್ತವೆ. ಆ ಹಲಗೆ ಇರುವುದರಿಂದಲೇ ಹೆಚ್ಚು ನಡೆಯುತ್ತವೆಯೋ ಏನೋ.

ಕಲಬುರ್ಗಿಯ ಅದಾಲತಿಗೆ ನಾನು ತರ್ಜುಮೆಯ ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷದ ಮೇಲಾಯಿತು. ನಿಜಾಮ ಸರಕಾರದ ಕಾಗದವೆಲ್ಲ ಉರ್ದು, ಕಟಕಟೆಗೆ ಬರುವವರ ಬಾಯೆಲ್ಲ ಕನ್ನಡ. ನಡುವೆ ನಾನು. ದಿನವಿಡೀ ಬೇರೆಯವರ ಮಾತನ್ನು ಆಡಿ ಆಡಿ ಸಂಜೆಗೆ ನನ್ನ ಸ್ವಂತದ್ದು ಎಂಬ ಮಾತು ಹೆಚ್ಚು ಉಳಿಯುವುದಿಲ್ಲ. ಹಾಗಾಗಿ ಈ ಸಂಗತಿಗಳನ್ನು ಯಾರಿಗೂ ಹೇಳಿರಲಿಲ್ಲ. ಎಲ್ಲವೂ ಒಬ್ಬನೇ ಕೈದಿಗೆ ಸೇರಿದವು. ನಡೆದಾಗ ನಾನು ನಕ್ಕಿರಲಿಲ್ಲ. ಹಲಗೆಗೆ ಹೆದರಿ ಅಲ್ಲ.

ಊರಿಗೆ ಹೋಗಿ ಬಂದ ಕೈದಿ

ಕಮಲಾಪುರದ ಮುದುಕನೊಬ್ಬನಿಗೆ ಕೆಂಪು ಬಾಳೆಯ ಸಣ್ಣ ತೋಟ ಇತ್ತು. ಒಂದು ಬೆಳಿಗ್ಗೆ ಯಾರದೋ ಎತ್ತು ತೋಟಕ್ಕೆ ನುಗ್ಗಿ ನಾಲ್ಕು ಗಿಡ ತಿಂದಿತು. ಅವನು ಅದನ್ನು ಹಿಡಿದು ಬದುವಿನ ಬೇವಿನ ಮರಕ್ಕೆ ಕಟ್ಟಿದ, ಮಾಲೀಕ ಬಂದರೆ ಎರಡು ಮಾತು ಆಡೋಣ ಎಂದು. ಮಾಲೀಕನಿಗಿಂತ ಮೊದಲು ಪೊಲೀಸರು ಬಂದರು. ಕಳವಾಗಿದೆ ಎಂದು ಮಾಲೀಕ ದೂರು ಕೊಟ್ಟ ಎತ್ತು ಇವನ ಮರದಲ್ಲಿ ಇತ್ತು, ಇವನು ಕಲಬುರ್ಗಿ ಜೇಲಿನಲ್ಲಿ ಕೂತ.

ಇಪ್ಪತ್ತು ದಿನದ ಮೇಲೆ ಎತ್ತಿನ ಮಾಲೀಕನೇ ಅದಾಲತಿಗೆ ಬಂದು ಕೈಮುಗಿದ. "ತಪ್ಪು ನಮ್ಮ ಎತ್ತಿಂದ್ರಿ, ಅವರದಲ್ಲ. ಹಗ್ಗ ಹರಕೊಂಡು ಹೋಗಿತ್ತು. ಆ ಹಿರಿಯಾರನ್ನ ಬಿಡ್ರಿ."

ಸಾಹೇಬರು ಹೈದರಾಬಾದಿನ ಕಡೆಯವರು, ಮೆತ್ತನೆಯ ಮನುಷ್ಯ. ಕೂಡಲೇ ಬಿಡುತ್ತೇನೆ ಎಂದರು. ಆದರೆ ಬಿಡುವ ಮಾತನ್ನು ಕೈದಿಯ ಮುಖ ನೋಡಿ ಹೇಳಬೇಕು, ಅದು ಕಾಯಿದೆ. ಮುಖ ಜೇಲಿನಲ್ಲಿ ಇತ್ತು. ಜೇಲು ಅದಾಲತಿನಿಂದ ಅರ್ಧ ಹರದಾರಿ. ಇಂಥ ದಿನ ಕೈದಿಯನ್ನು ಹಾಜರು ಮಾಡಿ ಎಂದು ಹುಕುಂ ಬರೆದು ಮೊಹರು ಒತ್ತಿ ಕಳಿಸಿದೆವು.

ಜೇಲಿನವರು ಕೈದಿಯನ್ನು ಸುಮ್ಮನೆ ಹೊರಗೆ ಬಿಡುವುದಿಲ್ಲ. ಕಳಿಸುವಾಗ ಒಂದು ಪುಸ್ತಕದಲ್ಲಿ ಬರೆಯುತ್ತಾರೆ: ಕೈದಿ ಒಬ್ಬ, ಕಂಬಳಿ ಒಂದು, ತಟ್ಟೆ ಒಂದು. ತಲುಪಿದಲ್ಲಿ ರಸೀದಿ ಪಡೆಯಬೇಕು. ಮರಳಿ ತಂದಾಗ ಆ ಸಾಲನ್ನು ಹೊಡೆದು ಹಾಕುತ್ತಾರೆ.

ಹೇಳಿದ ದಿನ ಮುದುಕನ ಹೆಂಡತಿ ನಸುಕಿನಲ್ಲೇ ಬಂದು ನಮ್ಮ ಅಂಗಳದಲ್ಲಿ ಕೂತಳು. ಮಡಿಲಲ್ಲಿ ರೊಟ್ಟಿಯ ಗಂಟು. ಕೈದಿ ಬರಲಿಲ್ಲ. ಮೂರನೆಯ ದಿನ ಜೇಲಿನಿಂದ ಉತ್ತರ ಬಂತು: ಹುಕುಮಿನಂತೆ ಕೈದಿಯನ್ನು ಹಾಜರು ಮಾಡಲಾಗಿದೆ, ರಸೀದಿ ಲಗತ್ತಿಸಿದೆ.

ರಸೀದಿ ಕಮಲಾಪುರ ಚಾವಡಿಯದು. ಹುಕುಮಿನಲ್ಲಿ ಕೈದಿಯ ಹೆಸರಿನ ಮುಂದೆ ಊರಿನ ಹೆಸರೂ ಇತ್ತಲ್ಲ, ಇಬ್ಬರು ಸಿಪಾಯಿಗಳು ಅವನನ್ನು ಎಂಟು ಹರದಾರಿ ನಡೆಸಿಕೊಂಡು ಅಲ್ಲಿಗೇ ಹೋಗಿದ್ದರು. ದಾರಿಯಲ್ಲಿ ಅವನು, "ಕಲಬುರ್ಗಿ ಅದಾಲತಿಗಲ್ಲೇನ್ರಿ?" ಎಂದು ಕೇಳಿದನಂತೆ. "ಕೈದಿ ದಾರಿ ಹೇಳಬಾರದು" ಎಂದರಂತೆ.

ಚಾವಡಿಯವರು ರಸೀದಿ ಬರೆದರು, ಇವನನ್ನು ಏನು ಮಾಡುವುದೆಂದು ತಿಳಿಯದೆ ಮರಳಿಸಿದರು. ನಡುವೆ ಸಿಪಾಯಿಗಳು ಅವನ ತೋಟದಲ್ಲಿ ನೆರಳಿಗೆ ಕೂತರು. ಆ ಹೊತ್ತಿನಲ್ಲಿ ಅವನು ಬೇಡಿ ಹಾಕಿದ ಕೈಯಲ್ಲೇ ಎರಡು ಸಾಲು ಬಾಳೆಗೆ ನೀರು ಬಿಟ್ಟ. ಮನೆಗೆ ಬೀಗ. ಹೆಂಡತಿ ಅವನನ್ನು ನೋಡಲು ಕಲಬುರ್ಗಿಗೆ ಹೋಗಿದ್ದಳು.

ಪ್ರಮಾಣದ ಮೇಲೆ ಕಪಿಗಳು

ಒಮ್ಮೆ ಹಾಜರಾದ ಕೈದಿಯನ್ನು ಮತ್ತೆ ಕರೆಸಬೇಕಾದರೆ ಹೊಸ ಅರ್ಜಿ ಬೇಕು. ಹತ್ತಿರದ ಸಂಬಂಧಿಕರು ಕಟಕಟೆಗೆ ಬಂದು, ಪ್ರಮಾಣ ಮಾಡಿ, ಕೈದಿಯ ಹೆಸರನ್ನು ತಮ್ಮ ಬಾಯಿಂದ ಹೇಳಬೇಕು.

ಮುದುಕಿ ಬಂದಳು. ಪ್ರಮಾಣ ಮಾಡಿದಳು.

"ಒಳಗಿರುವವನು ಯಾರು?" ಸಾಹೇಬರ ಪ್ರಶ್ನೆಯನ್ನು ನಾನು ಕನ್ನಡದಲ್ಲಿ ಕೇಳಿದೆ.

"ನಮ್ಮವರ್ರಿ."

"ಹೆಸರು?"

ಆಕೆ ಸೆರಗು ಬಾಯಿಗೆ ಒತ್ತಿಕೊಂಡಳು. "ಗಂಡನ ಹೆಸರ ಹೆಂಗ ಹೇಳಲ್ರಿ ಯಪ್ಪಾ? ನೀವ ಹೇಳ್ರಿ, ನಾ ಹೂಂ ಅಂತೀನಿ."

ತರ್ಜುಮೆ ಮಾಡುವವನು ಸಾಕ್ಷಿಯ ಬಾಯಿಗೆ ಮಾತು ಕೊಡುವಂತಿಲ್ಲ. ಸಾಹೇಬರು ಕಾದರು. ಹೆಸರಿಲ್ಲದೆ ಅರ್ಜಿ ಇಲ್ಲ, ಅರ್ಜಿ ಇಲ್ಲದೆ ಗಂಡ ಇಲ್ಲ. ನಮ್ಮ ಮುಪ್ಪಿನ ಜವಾನ ಬಾಗಿಲಿನಿಂದಲೇ ಪಿಸುಗುಟ್ಟಿದ, "ತಂಗೀ, ಒಡಪು ಹಾಕಿ ಹೇಳವಾ. ಮದುವಿ ಚಪ್ಪರದಾಗ ಹೇಳಿದ್ದಿಲ್ಲೇನು?"

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳಲೇಬೇಕಾದಾಗ ಪದ ಕಟ್ಟಿ, ಕೊನೆಯಲ್ಲಿ ಹೆಸರು ಸೇರಿಸಿ ಹೇಳುವುದುಂಟು. ಆಕೆ ಕಟಕಟೆಯ ಕಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದಳು.

"ತೋಟಕ್ಕ ಕಾವಲಿಲ್ಲ, ಮಂಗ್ಯಾಗೋಳಿಗೆ ಹಬ್ಬ,
ಜೇಲಿಗೆ ಕಾವಲ ಹತ್ತು ಮಂದಿ, ಒಳಗ ಮುದುಕ ಒಬ್ಬ,
ಬಿಟ್ಟು ಕೊಡ್ರಿ ದೊರಿ, ನಮ್ಮವರ ಹೆಸರ ಶರಣಪ್ಪ."

ಸಾಹೇಬರು ನನ್ನತ್ತ ನೋಡಿದರು. ತೋಟದಲ್ಲಿ ಕಪಿಗಳಿವೆ, ಜೇಲಿನಲ್ಲಿ ಹತ್ತು ಜನ ಕಾವಲುಗಾರರಿದ್ದಾರೆ, ಕೈದಿ ಒಬ್ಬ, ಹೆಸರು ಇಂಥದು ಎಂದೆ. ಅವರು ಬಹಳ ಹೊತ್ತು ಯೋಚಿಸಿದರು. "ಪ್ರಮಾಣದ ಮೇಲೆ ಹೇಳಿದ್ದು. ಎಲ್ಲವನ್ನೂ ಬರೆದುಕೊಳ್ಳಿ" ಎಂದರು.

ಬರೆದುಕೊಂಡೆವು. ಆಗ ಸರಕಾರಿ ವಕೀಲರು ಎದ್ದು ತಕರಾರು ತೆಗೆದರು: ಜೇಲಿನಲ್ಲಿ ಕಾವಲಿನವರು ಹತ್ತಲ್ಲ, ಏಳು. ಕಪಿಗಳ ಬಗ್ಗೆ ಸರಕಾರಕ್ಕೆ ತಕರಾರು ಇರಲಿಲ್ಲ.

ಕಿವಿ

ಊರಿನ ಹೆಸರು ಬರೆದದ್ದರಿಂದಲ್ಲವೇ ಎಡವಟ್ಟಾದದ್ದು, ಈ ಸಲ ಊರನ್ನು ಬಿಟ್ಟೇಬಿಡಿ ಎಂದು ಸಾಹೇಬರು ಹೇಳಿದರು. ಹುಕುಮಿನಲ್ಲಿ ಬರೀ ಹೆಸರು ಹೋಯಿತು. ನಾನು ಒಂದು ಮಾತು ಹೇಳಬಹುದಿತ್ತು. ಈ ಜಿಲ್ಲೆಯಲ್ಲಿ ಮನೆಗೊಬ್ಬ ಶರಣಪ್ಪ ಇರುತ್ತಾನೆ, ಜೇಲಿನಲ್ಲಿ ಆಗ ನಾಲ್ವರಿದ್ದರು. ನಾನು ಹೇಳಲಿಲ್ಲ. ಕೇಳದೆ ಹೇಳುವ ರೂಢಿ ನನಗಿಲ್ಲ. ಈಗಲೂ ಅದನ್ನು ನೆನೆದರೆ ನಗು ಬರುವುದಿಲ್ಲ.

ಜೇಲಿನ ದಾರೋಗಾ ಬಾಗಿಲಿಗೆ ಹತ್ತಿರ ಇದ್ದವನನ್ನು ಕಳಿಸಿದರು. ಅವನು ಕುರಿ ಕದ್ದು ಸಿಕ್ಕವನು, ಎರಡು ವರ್ಷದ ಶಿಕ್ಷೆ. ಕಟಕಟೆ ಹತ್ತಿ ಎಲ್ಲರಿಗೂ ನಮಸ್ಕಾರ ಮಾಡಿದ.

"ನಿನ್ನ ತೋಟದಲ್ಲಿ ಎತ್ತು ಕಟ್ಟಿದ್ದು ನಿಜವೇ?"

"ನಿಜಾರಿ."

"ಅದು ತಾನಾಗಿಯೇ ಬಂದಿತ್ತೇ?"

"ತಾನ ಬಂದಿತ್ರಿ. ನಾ ಬ್ಯಾಡ ಅಂದ್ರೂ ಬಂತ್ರಿ."

"ಅದರ ಮಾಲೀಕ ದೂರು ಹಿಂದಕ್ಕೆ ತೆಗೆದುಕೊಂಡಿದ್ದಾನೆ."

"ದೇವರಂಥ ಮನಶ್ಯಾರಿ ಅಂವ."

ಸಾಹೇಬರಿಗೆ ಸಂತೋಷವಾಯಿತು. ಲೇಖನಿ ಎತ್ತಿದರು. ಬಾಗಿಲ ಹತ್ತಿರ ನಿಂತ ಮುದುಕಿ ಕೂಗಿದಳು, "ಇಂವ ನಮ್ಮವರಲ್ರೀ!"

ಕೈದಿ ತಿರುಗಿ, ನೋವಾದವನಂತೆ ಆಕೆಯನ್ನು ನೋಡಿದ. "ಹಂಗ್ಯಾಕಂತಿ? ಆರು ತಿಂಗಳದಾಗ ಗಂಡನ ಮಾರಿ ಮರ್ತೇನು?"

"ನಮ್ಮವರು ಸುಳ್ಳ ಹೇಳಿದ್ರ ಕಿವಿ ಕೆಂಪಗ ಆಗ್ತಾವ್ರಿ" ಎಂದಳು ಆಕೆ ಸಾಹೇಬರಿಗೆ. "ಇವನ ಕಿವಿ ನೋಡ್ರಿ. ಇಷ್ಟೆಲ್ಲಾ ಹೇಳಿದ್ರೂ ಹ್ಯಾಂಗ ಅದಾವ ಹಾಂಗ ಅದಾವ."

ಅದಾಲತು ಅವನ ಕಿವಿಗಳನ್ನು ನೋಡಿತು. ಲೇಖನಿ ಕೆಳಗಿಳಿಯಿತು.

ಸಿಪಾಯಿಗಳು ಎಳೆದುಕೊಂಡು ಹೋಗುವಾಗ ಅವನು ನನ್ನ ಮೇಜಿನ ಹತ್ತಿರ ಬಗ್ಗಿದ. "ರಾಯರ, ಒಳಗ ಇನ್ನೂ ಇಬ್ಬರು ಶರಣಪ್ಪ ಅದಾರ. ಅವರಿಗಿಂತ ನಾನ ಛಲೋ ಅಂತ ಆಕಿಗೊಂದು ಮಾತ ಹೇಳ್ರಿ."

ಬಾಗಿಲಿಗೆ ಹಾಜರಿ

ಮೂರನೆಯ ಸಲ ಎಲ್ಲ ಸರಿಯಾಯಿತು. ಹೆಸರು, ತಂದೆಯ ಹೆಸರು, ಊರು, ಯಾವ ಅದಾಲತು, ಅದು ಯಾವ ಊರಿನಲ್ಲಿದೆ, ಎಲ್ಲವನ್ನೂ ನಾನೇ ಬರೆದೆ. ಸರಿಯಾದ ಮುದುಕನೇ, ಸರಿಯಾದ ದಿನಕ್ಕೆ, ಸರಿಯಾದ ಅಂಗಳಕ್ಕೆ ಬಂದ. ಹಿಂದಿನ ಸಂಜೆ ಹೈದರಾಬಾದಿನಿಂದ ತಂತಿ ಬಂದಿತ್ತು: ದರಬಾರಿನ ಯಾರದೋ ಮನೆಯಲ್ಲಿ ಶುಭಕಾರ್ಯ, ನಾಳೆ ಸರಕಾರಿ ರಜೆ.

ಹಿಂದಿನ ದಿನ ಮರೆತ ಕೊಡೆಗಾಗಿ ನಾನು ಅಂದು ಬಂದಿದ್ದೆ. ಬಾಗಿಲಿಗೆ ಬೀಗ. ಅದರ ಮುಂದೆ ಹವಾಲ್ದಾರ, ಒಬ್ಬ ಸಿಪಾಯಿ, ಮುದುಕ. ಮುದುಕಿ ಎಂದಿನ ಜಾಗದಲ್ಲಿ.

ಹವಾಲ್ದಾರ ನಿಯಮದ ಮನುಷ್ಯ. "ಹುಕುಂ ಅಂದ್ರ ಹುಕುಂ. ಅದಾಲತ್ ಮುಂದ ಹಾಜರ ಮಾಡು ಅಂದಾರ. ಇದು ಅದಾಲತ್ ಅಲ್ಲೇನ್ರಿ?" ಎಂದ. ಮುದುಕನನ್ನು ಮುಚ್ಚಿದ ಬಾಗಿಲಿಗೆ ಎದುರಾಗಿ ನಿಲ್ಲಿಸಿದ. ಜವಾನ ಕೂಗುವ ಹಾಗೆ ಮೂರು ಸಲ ಅವನ ಹೆಸರು ಕೂಗಿದ. ಅವನು ಮೂರು ಸಲವೂ ಬಾಗಿಲಿಗೆ ಕೈಮುಗಿದು, "ಹಾಜರ ಅದೀನ್ರಿ" ಎಂದ. ಆಮೇಲೆ ಹವಾಲ್ದಾರ ನನ್ನತ್ತ ತಿರುಗಿದ. "ರಸೀದಿ ಕೊಡ್ರಿ."

ಬರೆದುಕೊಟ್ಟೆ. ಕೈದಿ ಒಬ್ಬ, ಕಂಬಳಿ ಒಂದು, ತಟ್ಟೆ ಒಂದು, ಬಾಗಿಲಿನ ಮುಂದೆ ಹಾಜರಾದವು.

ಬಿಸಿಲು ಇಳಿಯುವ ತನಕ ಹೋಗುವುದು ಬೇಡವೆಂದು ಎಲ್ಲರೂ ಅಂಗಳದ ಬೇವಿನ ಮರದ ಕೆಳಗೆ ಕೂತೆವು. ಮುದುಕಿ ಗಂಟು ಬಿಚ್ಚಿದಳು. ಐದು ಜನಕ್ಕೂ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ. ಏಳು ತಿಂಗಳಲ್ಲಿ ಗಂಡ ಹೆಂಡತಿ ಒಟ್ಟಿಗೆ ಉಂಡದ್ದು ಅದೇ ಮೊದಲು. ಹವಾಲ್ದಾರ ಬೆನ್ನು ತಿರುಗಿಸಿ ಕೂತು ಉಂಡ. ನಿಯಮದ ಮನುಷ್ಯರಲ್ಲಿ ಕೆಲವರು ಹಾಗೂ ಇರುತ್ತಾರೆ.

"ತೋಟ ಹೆಂಗೈತಿ?" ಮುದುಕ ಕೇಳಿದ.

"ಛಲೋ ಐತಿ."

"ಗೊನಿ?"

"ಮಣಗಟ್ಲೆ ಬಿಟ್ಟಾವ. ಬಾಗಿ ನೆಲಕ್ಕ ಹತ್ಯಾವ."

ಮುದುಕ ರೊಟ್ಟಿ ಕೆಳಗಿಟ್ಟ. "ಸೆರಗ ತಗಿ, ನಿನ್ನ ಕಿವೀನೂ ನೋಡ್ತೀನಿ."

ಆಕೆ ಎರಡೂ ಕಿವಿಯ ಮೇಲೆ ಸೆರಗನ್ನು ಇನ್ನೂ ಬಿಗಿಯಾಗಿ ಎಳೆದುಕೊಂಡಳು.

ಬಿಡುಗಡೆ

ನಾಲ್ಕನೆಯ ಸಲಕ್ಕೆ ಎಲ್ಲರೂ ಇದ್ದರು, ಬಾಗಿಲೂ ತೆರೆದಿತ್ತು. ಕೆಲಸ ಮುಗಿಯಲು ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಹಿಡಿಯಲಿಲ್ಲ. ಸಾಹೇಬರು ಮುಖ ನೋಡಿದರು, "ಬಿಟ್ಟಿದೆ" ಎಂದರು, ನಾನು ಕನ್ನಡದಲ್ಲಿ ಹೇಳಿದೆ. ಮುದುಕ ಅಲ್ಲೇ ನಿಂತಿದ್ದ.

"ಹೋಗಬಹುದು" ಎಂದೆ.

"ಎಲ್ಲಿಗ್ರಿ?" ಎಂದ.

ಹವಾಲ್ದಾರ ಕಂಬಳಿ, ತಟ್ಟೆ ಎತ್ತಿಕೊಂಡ. ಆಮೇಲೆ ಅವನಿಗೊಂದು ಚಿಂತೆ ಹತ್ತಿತು. "ಮೂರು ತಂದೀನಿ, ಎರಡು ಒಯ್ಯಾಕತ್ತೀನಿ. ಕೈದಿ ರಸೀದಿ ಯಾರು ಕೊಡ್ತೀರಿ?"

ಸಾಹೇಬರು ಊಟಕ್ಕೆ ಎದ್ದಿದ್ದರು. ಬಿಡುಗಡೆಯ ಹುಕುಂ ಜೇಲಿಗೆ ಬೇರೆಯಾಗಿ ಹೋಗುತ್ತದೆ ಎಂದೆ. ಹುಕುಂ ಒಂದು ಪುಸ್ತಕ, ರಸೀದಿ ಇನ್ನೊಂದು ಪುಸ್ತಕ ಎಂದ. ಅದಾಲತಿನ ವಸ್ತುಗಳ ಲೆಕ್ಕ ಇಡುವ ನಾಜರನ ಬಳಿ ಹೋದೆವು. ಅದಾಲತಿನಲ್ಲಿ ಉಳಿಯುವ ವಸ್ತುವಿಗೆ ಮಾತ್ರ ರಸೀದಿ, ಈ ಮನುಷ್ಯ ಉಳಿಯುತ್ತಾನೆಯೇ ಎಂದು ನಾಜರ ಕೇಳಿದ.

ಮುದುಕ ಒಳ್ಳೆಯವನು. ಹವಾಲ್ದಾರನ ಮುಖ ನೋಡಿ ಅವನಿಗೆ ಮರುಕ ಬಂತು. "ನಾನ ನಿಮ್ಮ ಕೂಡ ಜೇಲಿನ ತನಕ ಬರ್ತೀನ್ರಿ. ನನ್ನ ಬಿಟ್ಟಾರ ಅಂತ ದಾರೋಗಾ ಸಾಹೇಬ್ರಿಗೆ ನಾನ ಹೇಳ್ತೀನಿ."

ಮುದುಕಿ ಅವನ ಮುಂಗೈ ಹಿಡಿದು ಎಳೆದಳು. ಇಪ್ಪತ್ತು ವರ್ಷದಲ್ಲಿ ಅದಾಲತಿನ ಅಂಗಳವನ್ನು ಯಾರೂ ಅಷ್ಟು ಬೇಗ ದಾಟಿದ್ದನ್ನು ನಾನು ಕಂಡಿಲ್ಲ. ಎರಡು ಬೇಡಿ ಹಾಕಿದ್ದರೂ ಆ ಹಿಡಿತದಷ್ಟು ಭದ್ರವಾಗುತ್ತಿರಲಿಲ್ಲ.

ಇನ್ನೊಮ್ಮೆ ಹಾಜರಿ

ನಾಲ್ಕು ವರ್ಷ ಕಳೆಯಿತು. ಸಾಹೇಬರು ವರ್ಗವಾಗಿ ಹೋದರು, ದಾರೋಗಾ ಬದಲಾದರು. ಹೊಸ ದಾರೋಗಾ ಹಳೆಯ ಪುಸ್ತಕಗಳನ್ನು ತಾಳೆ ನೋಡುವಾಗ ಹೊಡೆದು ಹಾಕದ ಒಂದು ಸಾಲು ಕಂಡಿತು. ಅದಾಲತಿಗೆ ಕಾಗದ ಬಂತು: ತಮ್ಮಲ್ಲಿಗೆ ಕಳಿಸಿದ ಕೈದಿ ಒಬ್ಬ ಇನ್ನೂ ಮರಳಿಲ್ಲ. ರಸೀದಿ ಕೊಡಿ, ಇಲ್ಲವೇ ಕೈದಿಯನ್ನು ಕೊಡಿ.

ಬಿಡುಗಡೆಯ ಮಿಸಲನ್ನು, ಆ ಕಾಗದದ ಕಟ್ಟನ್ನು, ಹುಡುಕಿದೆ. ಅದು ಮೇಲಿನ ಕಚೇರಿಗೆ ಹೋಗಿತ್ತು, ಮೇಲಿನ ಕಚೇರಿಯಲ್ಲಿ ಅದು ನಮ್ಮಲ್ಲಿದೆ ಎಂದರು. ಹೊಸ ಸಾಹೇಬರು ಚುರುಕಿನವರು. ಆ ಮನುಷ್ಯನನ್ನು ಕರೆಸಿ, ನೋಡಿ, ಮುಗಿಸೋಣ ಎಂದು ಹಾಜರಿಯ ಹುಕುಂ ಹೊರಡಿಸಿದರು. ಅವನ ಗುರುತಿದ್ದವನು ನಾನೊಬ್ಬನೇ. ಚಕ್ಕಡಿ ಹಿಡಿದು ಕಮಲಾಪುರಕ್ಕೆ ನಾನೇ ಹೋದೆ.

ತೋಟ ಚೆನ್ನಾಗಿತ್ತು. ಹೊಸ ಗಿಡಗಳು, ಗೊನೆ ಬಾಗಿ ನೆಲ ಮುಟ್ಟುತ್ತಿದ್ದವು. ಮುದುಕಿ ಬದುವಿನ ಮೇಲೆ ಕಪಿ ಕಾಯುತ್ತ ಕೂತಿದ್ದಳು. ಹಣೆ ಬೋಳಾಗಿತ್ತು.

"ಯಾವಾಗ?" ಎಂದೆ.

"ಹ್ವಾದ ಬ್ಯಾಸಗಿಗ್ರಿ ಯಪ್ಪಾ. ಇಲ್ಲೇ ನೀರ ಬಿಡಾಕತ್ತಿದ್ರು. ಯಾರ ಹುಕುಮೂ ಇಲ್ದ ಹ್ವಾದ್ರು." ನನ್ನ ಕೈಯಲ್ಲಿನ ಕಾಗದ ನೋಡಿದಳು. "ಏನೈತ್ರಿ ಅದ್ರಾಗ?"

ಹೇಳದೆ ಹೋಗಿಬಿಡಬಹುದಿತ್ತು. ಆದರೆ ಆಕೆ ಕೇಳಿದಳು, ಕೇಳಿದ್ದನ್ನು ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಓದಿದೆ. ಕಮಲಾಪುರದ ಶರಣಪ್ಪನು ಖುದ್ದಾಗಿ ಹಾಜರಾಗತಕ್ಕದ್ದು.

ಆಕೆ ಸಿಟ್ಟಾಗಲಿಲ್ಲ. "ನಮ್ಮ ಮನ್ಯಾಗ ಆ ಹೆಸರ ಹೇಳಾವ್ರು ಯಾರೂ ಇಲ್ರಿ. ನಾ ಅಂತೂ ಹೇಳಂಗಿಲ್ಲ. ಕಿವ್ಯಾಗ ಬಿದ್ದು ವರ್ಷ ಆತು. ಇನ್ನೊಮ್ಮೆ ಓದ್ರಿ."

ಓದಿದೆ. ಅದಾಲತಿನಲ್ಲಿ ಕೈದಿಯ ಹೆಸರನ್ನು ಮೂರು ಸಲ ಕೂಗುವುದು ರೂಢಿ. ಅದಕ್ಕೆ ಮೂರನೆಯ ಸಲವೂ ಓದಿದೆ.

ಕಣ್ಣೊರೆಸಿಕೊಂಡು ಆಕೆ ಒಂದು ಚಿಪ್ಪು ಕೆಂಪು ಬಾಳೆ ಕೊಯ್ದು ನನ್ನ ಕೈಗಿಟ್ಟಳು. "ಈಗ ಅವರನ್ನ ಇಟಗೊಂಡ ದೊರಿ ಹೆಸರ ಯಾರಿಗರೆ ಗೊತ್ತಿದ್ರ ಹೇಳ್ರಿ ಯಪ್ಪಾ. ಆ ಹೆಸರಿಗೂ ಒಂದು ಒಡಪು ಕಟ್ಟಿ, ಅಲ್ಲಿಗೂ ಅರ್ಜಿ ಹಾಕತೀನಿ."

ಮರಳಿ ಬಂದು ಹುಕುಮಿನ ಹಿಂದೆ ವರದಿ ಬರೆದೆ. ಇಪ್ಪತ್ತು ವರ್ಷದಲ್ಲಿ ಸರಕಾರಿ ಕಾಗದದ ಮೇಲೆ ನನ್ನದೇ ಮಾತು ಬರೆದದ್ದು ಅದೊಂದು ಸಲ: "ಸದರಿ ಕೈದಿಯು ಇದಕ್ಕಿಂತ ದೊಡ್ಡ ಅದಾಲತಿನಲ್ಲಿ ಹಾಜರಾಗಿದ್ದಾನೆ. ಅಲ್ಲಿಂದ ಯಾರನ್ನೂ ಮರಳಿ ಕಳಿಸುವ ರೂಢಿ ಇಲ್ಲ."

ಸಾಹೇಬರು ಸಹಿ ಹಾಕಿದರು. ಕಾಗದ ಜೇಲಿಗೆ ಹೋಯಿತು. ಒಂದು ತಿಂಗಳಿಗೆ ಅದೇ ಕಾಗದ, ಅಂಚಿನಲ್ಲಿ ದಾರೋಗಾ ಸಾಹೇಬರ ಕೆಂಪು ಶಾಯಿಯ ಒಂದು ಸಾಲಿನೊಂದಿಗೆ ಮರಳಿ ಬಂತು:

"ಸದರಿ ದೊಡ್ಡ ಅದಾಲತಿನ ರಸೀದಿ ಲಗತ್ತಿಸಿಲ್ಲ. ತರಿಸಿ ಕಳಿಸುವುದು."